ಬಾಗಲಿಗೆ ನೀರು ಬಿತ್ತೇನು?

ಶ್ರಾವಣದ ರೊಟ್ಟಿ ಹಬ್ಬ. ಕೊಪ್ಪಳದ ಹಳೆಯ ಓಣಿಯೊಂದರಲ್ಲಿ, ನನಗೆ ಮೂರನೆಯ ಇಯತ್ತೆ ಕಲಿಸಿದ ಅಕ್ಕೋರ ಮನೆಯ ಮುಂದಿನ ಕಟ್ಟೆ ಎತ್ತರಿಸುವ ಕೆಲಸ ನಡೆದಿತ್ತು. ಈ ಓಣಿಗೆ ಮೂರು ಸಲ ಕಾಂಕ್ರೀಟು ಬಿದ್ದಿದೆ. ಮೂರೂ ಸಲ ಹಳೆಯದನ್ನು ಅಗೆಯದೆ ಅದರ ಮೇಲೇ ಸುರಿದಿದ್ದರಿಂದ ರಸ್ತೆ ಏರುತ್ತ ಹೋಗಿ ಕಟ್ಟೆ ಮುಳುಗುತ್ತ ಬಂತು. ನಾನು ಚಿಕ್ಕವಳಿದ್ದಾಗ ಇದರ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಈಗ ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಕುಷ್ಟಗಿ ತಾಲ್ಲೂಕಿನ ಗೌಂಡಿಯೊಬ್ಬರು ಅದಕ್ಕೆ ಒಂದು ವರಸೆ ಕಲ್ಲು ಏರಿಸುತ್ತಿದ್ದರು. ಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದವರು. ಸಂಜೆಯ ಬಸ್ಸಿನ ತನಕ ಅವರಿಗೆ ಬಿಡುವಿತ್ತು. ನಾನು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಬೆಳಿಗ್ಗೆಯಷ್ಟೇ ಬಂದಿಳಿದಿದ್ದೆ.

ಅಕ್ಕೋರು: ಬಾ ತಂಗಿ. ಕಟ್ಟಿ ಮ್ಯಾಲ ಕುಂದ್ರಬ್ಯಾಡ, ಹಸಿ ಐತಿ. ಹೊಸ್ತಿಲದ ಮಗ್ಗಲ ಚಾಪಿ ಹಾಸೀನಿ. ಯಾಕ, ಮಾರಿ ಇಷ್ಟ್ಯಾಕ ಸೊರಗೈತಿ?

ನಾನು: ಜ್ವರ ಬಂದಿತ್ರಿ ಅಕ್ಕೋರ. ಹದಿನೈದು ದಿನ ಆತು. ಈಗ ಆರಾಮ ಅದೀನಿ.

ಅಕ್ಕೋರು: ಯಾರು ನೋಡಿಕೊಂಡ್ರು?

ನಾನು: ಯಾರೂ ಇಲ್ರಿ. ಮೂರು ದಿನ ಮನಿ ಬಿಟ್ಟು ಹೊರಗ ಹೋಗಿಲ್ಲ. ಮೊಬೈಲಿನ್ಯಾಗ ಹೇಳಿದ್ರ ಊಟ ಬಾಗಲ ಮುಂದ ಇಟ್ಟು, ಅದರ ಫೋಟೊ ಹೊಡದು ಹೋಗ್ತಾರ. ಗುಳಿಗಿನೂ ಹಂಗಾ ಬಂದ್ವು. ಅವ್ವ ಗಾಬರಿ ಆಗ್ತಾಳಂತ ಆಕಿಗೂ ಹೇಳ್ಲಿಲ್ಲ. ಯಾವುದಕ್ಕೂ ಕಡಿಮಿ ಆಗ್ಲಿಲ್ಲ. ಆದ್ರ ಎರಡನೇ ರಾತ್ರಿ ಎಚ್ಚರಾದಾಗ ಒಂದು ವಿಚಾರ ಬಂತು. ನಾನೀಗ ಇಲ್ಲೇ ಸತ್ತು ಬಿದ್ರ ಯಾರಿಗೆ ಮೊದಲು ಗೊತ್ತಾಗತೈತಿ ಅಂತ. ಕುಂತು ಲೆಕ್ಕಾ ಹಾಕಿದೆ ಅಕ್ಕೋರ. ಅವ್ವ ಫೋನ್ ಮಾಡೋದು ಐತವಾರ. ಆಫೀಸಿನವ್ರು ಸೋಮವಾರದ ಮೀಟಿಂಗಿಗೆ ಯಾಕ ಬಂದಿಲ್ಲ ಅಂತ ಕೇಳ್ತಾರ. ಅವತ್ತಿನ್ನೂ ಗುರುವಾರ.

ಗೌಂಡಿ: ನಮ್ಮ ಊರಾಗ ಆಗಿದ್ರ ಬೆಳಕು ಹರಿಯೋದ್ರಾಗ ಗೊತ್ತಾಗತಿತ್ರಿ.

ನಾನು: ಹ್ಯಾಂಗಣ್ಣಾ?

ಗೌಂಡಿ: ಬಾಗಲಿಗೆ ನೀರು ಬೀಳಂಗಿಲ್ಲಲ್ರಿ! ನಮ್ಮವ್ವ ಊರಾಗ ಒಬ್ಬಾಕಿನಾ ಇರ್ತಾಳ. ನಾನು, ನನ್ನ ಹೇಣ್ತಿ, ಹುಡುಗ್ರು ಬೆಂಗಳೂರಾಗ. ದಿನಾ ಐದೂವರಿಗೆ ಎದ್ದು ಅವ್ವ ಕಸಾ ಹೊಡದು, ಬಾಗಲಿಗೆ ನೀರು ಹಾಕಿ, ನಾಕು ಗೆರಿ ರಂಗೋಲಿ ಎಳೀತಾಳ. ಕಣ್ಣು ಸರಿ ಕಾಣಂಗಿಲ್ಲ, ಗೆರಿ ಸೊಟ್ಟ ಬೀಳ್ತಾವು. ಎದುರುಮನಿ ದೊಡ್ಡವ್ವ ಎಮ್ಮಿ ಹಿಂಡಿ ಹೊರಗ ಬಂದ ಕೂಡಲೇ ನೋಡೋದು ಅದನ್ನಾ. ನೆಲಾ ಒಣಗಿತ್ತಂದ್ರ ಸೀದಾ ಬಂದು ಬಾಗಲಾ ಬಡೀತಾಳ. ಹೋದ ಮಾಘದಾಗ ಹಂಗಾ ಆತು. ಅವ್ವ ಬಚ್ಚಲದಾಗ ಜಾರಿ ಬಿದ್ದಿದ್ಲು. ಒಂದು ತಾಸಿನ್ಯಾಗ ಕುಷ್ಟಗಿ ದವಾಖಾನ್ಯಾಗ ಇದ್ಲು. ನನಗ ಫೋನ್ ಬಂದದ್ದು ಡಾಕ್ಟರು ನೋಡಿ ಕಟ್ಟು ಹಾಕಿದ ಮ್ಯಾಲ.

ಅಕ್ಕೋರು: ಆ ದೊಡ್ಡವ್ವಗೂ ನಿಮ್ಮವ್ವಗೂ ಭಾಳ ಸಲಿಗಿ ಏನು?

ಗೌಂಡಿ: ಎಲ್ಲೀದ್ರಿ! ಗಟಾರದ ನೀರಿನ ಸಲುವಾಗಿ ಮಾತು ಬಿಟ್ಟು ಎರಡು ವರ್ಷ ಆತು. ದವಾಖಾನಿಗೆ ಕರಕೊಂಡು ಹೋಗಾಗೂ ಟಂಟಂದಾಗ ಆಕಿ ಆ ಕಡೆ ಮಾರಿ, ಈಕಿ ಈ ಕಡೆ ಮಾರಿ ಮಾಡಿ ಕುಂತಿದ್ರಂತ. ಈಗೂ ಮಾತಿಲ್ಲ. ಆದ್ರ ದಿನಾ ನೆಲಾ ನೋಡ್ತಾಳ.

ಅಕ್ಕೋರು: ಕೇಳಿದೇನು ತಂಗಿ? ಮಂದಿ ಗೆಳೆತನ ಇಲ್ಲ, ಪ್ರೀತಿ ಮಾಡೋರಿಲ್ಲ ಅಂತ ಸಂಕಟ ಪಡ್ತಾರ. ಅದು ಬ್ಯಾರೆ ಸಂಕಟ. ಓಣಿ ಅದನ್ನ ಕೊಡಾಕ ಹೋಗಂಗಿಲ್ಲ. ಓಣಿ ನಿನ್ನನ್ನ ಲೆಕ್ಕದಾಗ ಇಟ್ಟಿರತೈತಿ, ಅಷ್ಟಾ. ನೀ ಬ್ಯಾಡ ಅಂದ್ರೂ ಇಟ್ಟಿರತೈತಿ. ನಿನಗ ಆ ರಾತ್ರಿ ಹೆದರಿಕಿ ಆದದ್ದು ಸಾಯೋದಕ್ಕಲ್ಲ, ಲೆಕ್ಕಕ್ಕ ಇಲ್ಲ ಅಂತ ಗೊತ್ತಾಗಿದ್ದಕ್ಕ.

ನಾನು: ಹೌದ್ರಿ. ಅದನ್ನ ಯಾರಿಗೆ ಹೇಳೋದೂ ಗೊತ್ತಾಗ್ಲಿಲ್ಲ. ಇದೇನು ರೋಗಾನಾ ಅಂತ ಅನಿಸ್ತು.

ಅಕ್ಕೋರು: ರೋಗಾ ಅಂತಾನಾ ಹೇಳ್ಯಾರ. 2023ರಾಗ ಅಮೆರಿಕದ ಸರ್ಜನ್ ಜನರಲ್ ಒಂದು ವರದಿ ಹೊರಡಿಸಿದ್ರು. ವಿವೇಕ್ ಮೂರ್ತಿ ಅಂತ, ಮಂಡ್ಯದ ಹಲ್ಲೆಗೆರೆ ಮನೆತನದವ್ರು. ಒಂಟಿತನ ಹಬ್ಬೋ ಬ್ಯಾನಿ, ಮಂದಿ ಸಂಪರ್ಕ ಇಲ್ಲದ ಬಾಳುವೆ ದಿನಕ್ಕ 15 ಸಿಗರೇಟು ಸೇದಿದಷ್ಟು ಕೆಟ್ಟದ್ದು ಅಂತ ಬರದಿದ್ರು. 2025ರಾಗ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ್ಯಾಗ ಆರು ಮಂದಿಯೊಳಗ ಒಬ್ಬರಿಗೆ ಈ ಬ್ಯಾನಿ ಐತಿ ಅಂತು. ಬ್ರಿಟನ್ನಿನ್ಯಾಗ 2018ರಾಗ, ಜಪಾನಿನ್ಯಾಗ 2021ರಾಗ ಒಂಟಿತನಕ್ಕಂತಾನಾ ಮಂತ್ರಿ ನೇಮಿಸಿದ್ರು. ಹಲ್ಲೆಗೆರೆ ಹೆಸರು ಓದಿದಾಗ ನನಗನಿಸ್ತು, ಒಂದು ಊರಿನ ನೆನಪು ಮನ್ಯಾಗ ಉಳಿದಿದ್ದಕ್ಕಾ ಈ ಮನುಷ್ಯಾಗ ಏನು ಕಳಕೊಂಡೀವಿ ಅಂತ ಕಂಡಿತೇನೋ ಅಂತ. ಇದು ನನ್ನ ಮನಸಿನ ಮಾತು, ವರದಿಯಾಗ ಇಲ್ಲ.

ಅಷ್ಟರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಸೆರಗಿನಷ್ಟು ದೊಡ್ಡ ವಸ್ತ್ರ ಮುಚ್ಚಿದ ತಾಟು ಹಿಡಿದು ಬಂದಳು. ಎಳ್ಳು ಹಚ್ಚಿದ ಎರಡು ಸಜ್ಜಿ ರೊಟ್ಟಿ, ಎರಡು ಜೋಳದ ಖಡಕ್ ರೊಟ್ಟಿ, ಮಡಕಿ ಕಾಳಿನ ಪಲ್ಲೆ, ಬದನಿಕಾಯಿ ಎಣ್ಣಿಗಾಯಿ, ಒಂದು ಮೂಲೆಗೆ ಗುರೆಳ್ಳು ಚಟ್ನಿ. ಅಕ್ಕೋರು ಎಲ್ಲ ತೆಗೆದಿಟ್ಟುಕೊಂಡು, ತಾಟು ಒರೆಸಿ, ಅದರಲ್ಲಿ ತಮ್ಮ ಮನೆಯ ರೊಟ್ಟಿ, ಅಗಸಿ ಚಟ್ನಿ ಇಟ್ಟು ಅದೇ ವಸ್ತ್ರ ಮುಚ್ಚಿ ಕಳಿಸಿದರು. ಬೆಳಗಿನಿಂದ ಒಂಬತ್ತನೆಯ ತಾಟಂತೆ. ಅವರ ಅಡುಗೆಮನೆಯಲ್ಲೀಗ ಒಂಬತ್ತು ಮನೆಯ ರೊಟ್ಟಿಗಳಿದ್ದವು; ಅವರು ಮಾಡಿದ್ದು ಒಂದೂ ಉಳಿದಿರಲಿಲ್ಲ.

ನಾನು: ಅಕ್ಕೋರ, ನೀವು ಹೊಸ ಬಡಾವಣಿಗೆ ಹೋಗಿದ್ರಂತ ಅವ್ವ ಹೇಳಿದ್ಲು. ತಿರುಗಿ ಯಾಕ ಬಂದ್ರಿ?

ಅಕ್ಕೋರು: ಎಂಟು ತಿಂಗಳು ಇದ್ದೆ. ಮಗ ಕಟ್ಟಿಸಿದ ಮನಿ, ಚೊಲೋ ಮನಿ. ನೀ ಹುಟ್ಟಿದಾಗಿನ ಕೊಪ್ಪಳ ಬ್ಯಾರೆ ತಂಗಿ. 1997ರಾಗ ರಾಯಚೂರಿನಿಂದ ಒಡದು ಇದು ಜಿಲ್ಲಾ ಆದ ಮ್ಯಾಲ ನೌಕರದಾರರು ಬಂದ್ರು, ಸುತ್ತಲಿನ ಹೊಲಾ ಎಲ್ಲಾ ಪ್ಲಾಟ್ ಆದ್ವು. 2011ರ ಜನಗಣತಿಯಾಗ ಕೊಪ್ಪಳ 70 ಸಾವಿರ, ಗಂಗಾವತಿ ಒಂದು ಲಕ್ಷ ದಾಟಿತ್ತು. ನಾವು ಒಂಟಿತನ ಅಂದ್ರ ಬೆಂಗಳೂರು, ಮುಂಬೈ ಅಂತೀವಿ. ಅದು ಇಲ್ಲೇ, ಊರ ಹೊರಗ, ಮೂವತ್ತು ಫೂಟಿನ ರಸ್ತೇದಾಗ ಮನಿ ಮಾಡೇತಿ. ನನ್ನ ಆಚಿ ಈಚಿ ಎರಡು ಪ್ಲಾಟ್ ಖಾಲಿ, ಜಾಲಿ ಗಿಡ ಬೆಳದು ನಿಂತಿದ್ವು. ಎದುರಿಗೆ ಮನಿ ಇತ್ತು. ಅವ್ರು ಒಳ್ಳೆ ಮಂದಿ. ಕಾರು ಒಳಗ ಹೋಗ್ತಿತ್ತು, ಗೇಟು ಮುಚ್ಚತಿತ್ತು. ಎಂಟು ತಿಂಗಳಾಗ ಅವರ ಮನಿಗೆ ಹೋಗಾಕ ನನಗೊಂದು ನೆಪ ಸಿಗಲಿಲ್ಲ.

ನಾನು: ನೆಪ ಯಾಕ ಬೇಕ್ರಿ? ಸುಮ್ಮನ ಹೋಗಬಹುದಿತ್ತಲ್ಲ.

ಅಕ್ಕೋರು: ಸುಮ್ಮನ ಹೋಗೋದು ಭಾಳ ಕಷ್ಟ ತಂಗಿ. ಮಾತಾಡಾಕ ಬಂದೀನಿ ಅಂತ ಯಾರ ಮನಿ ಬಾಗಲಾ ಬಡೀತಿ? ಕಡಾ ಕೇಳಾಕ ಬಡೀತಿ. ಸಾಣಗಿ ಐತೇನ್ರಿ, ನಾಕು ಹಸಿಮೆಣಸಿನಕಾಯಿ ಕೊಡ್ರಿ, ಹಿಟ್ಟಿನ ಗಿರಣಿಗೆ ಹೊಂಟೀನಿ ನಿಮ್ಮ ಡಬ್ಬಿನೂ ಒಯ್ಯಲೇನು. ಮಾತು ಅದರ ಬೆನ್ನಿಗೆ ಬರತೈತಿ. ಈ ಓಣ್ಯಾಗ ಮನಿಗೆ ಮನಿ ಅಂಟೇತಿ, ಒಂದಾ ಗ್ವಾಡಿ. ನಾ ಕೆಮ್ಮಿದ್ರ ಆಚಿ ಮನ್ಯಾಗ ಕೇಳತೈತಿ. ಅಲ್ಲಿ ನನ್ನ ಬೋರು ನನಗ, ಅವರ ಬೋರು ಅವರಿಗೆ. ಹಾಲು ಪಾಕೀಟು, ತರಕಾರಿ ಫೋನಿನ್ಯಾಗ. ಕಟ್ಟಿ ಇರೋ ಜಾಗಾದಾಗ ಕಾರಿಗೆ ಜಾರುಗಲ್ಲು ಹಾಕ್ಯಾರ. ಯಾರಿಗೂ ಯಾರಿಂದಾನೂ ಏನೂ ಬೇಕಾಗಿಲ್ಲ.

ನಾನು: ಹಂಗಂದ್ರ ನಳಕ್ಕ ಪಾಳಿ ಹಚ್ಚಿ, ಕೊಡಕ್ಕ ಕೊಡ ಬಡದು ಜಗಳಾಡೋದಾ ಛಲೋ ಇತ್ತೇನ್ರಿ? ನಮ್ಮವ್ವ ರಾತ್ರಿ ಮೂರಕ್ಕ ಎದ್ದು ನೀರಿಗೆ ಹೋಗತಿದ್ಲು. ಅದನ್ನ ಓಣಿ ಸುಖ ಅನ್ನಾಕ ನನಗ ಬಾಯಿ ಬರಂಗಿಲ್ಲ.

ಅಕ್ಕೋರು: ನಾನೂ ಹೊತ್ತೀನಿ, ಈ ಟೊಂಕ ಹೋದದ್ದು ಅದಕ್ಕಾ. ಯಲಬುರ್ಗಾ ನನ್ನ ತವರು. ಅಲ್ಲಿ, ಕುಷ್ಟಗಿ ಕಡೆ ಬೋರಿನ ನೀರಾಗ ಫ್ಲೋರೈಡು. ಹಲ್ಲಿಗೆ ಹಳದಿ ಕಲಿ ಬಿದ್ದ ಹುಡುಗ್ರಿಗೆ ಪಾಠ ಹೇಳೀನಿ. ನೀರು ಮನಿಗೆ ಬರಬೇಕು, ಸ್ವಚ್ಛ ಬರಬೇಕು. ನಾ ಹೇಳೋದು ಬ್ಯಾರೆ. ಕಷ್ಟ ತಗಿಯೋ ಮುಂದ ಅದರ ಕೂಡ ಏನೇನು ಕಿತ್ತು ಹೋತು ಅಂತ ನಾವು ನೋಡ್ಲಿಲ್ಲ. ನಳದ ಕಟ್ಟಿ ಹೋದ ಮ್ಯಾಲ ಹೆಂಗಸರು ಕೂಡೋ ಜಾಗಾ ಯಾವುದು ಅಂತ ಯಾರೂ ಕೇಳ್ಲಿಲ್ಲ. ಈಗ ಐದು ರೂಪಾಯಿ ಹಾಕಿ ಕುಡಿಯೋ ನೀರು ಹಿಡಿಯೋ ಘಟಕ ಬಂದಾವಲ್ಲ, ಅಲ್ಲಿ ನೋಡು. ಇಪ್ಪತ್ತು ಲೀಟರ್ ತುಂಬೋ ತನಕ ನಿಲ್ಲಬೇಕು. ಆ ನಾಕು ನಿಮಿಷದಾಗ ಓಣಿ ಸುದ್ದಿ ಎಲ್ಲಾ ಮುಗೀತಾವು. ಹೆಪ್ಪಿಂದೂ ಹಂಗಾ. ಮನ್ಯಾಗ ಎಷ್ಟು ದೊಡ್ಡ ಫ್ರಿಜ್ ಇದ್ರೂ ಹೆಪ್ಪು ಕೆಟ್ಟ ದಿನ ಮಗ್ಗಲಮನಿಗೆ ಬಟ್ಲ ಹಿಡಕೊಂಡು ಹೋಗಬೇಕು. ಅದೂ ದೀಪ ಹಚ್ಚೋದ್ರೊಳಗ. ಹೊಸ ಮನ್ಯಾಗ ನನ್ನ ಹೆಪ್ಪು ಒಂದು ದಿನ ಕೆಟ್ಟಿತು. ಯಾರ ಮನಿಗೆ ಹೋಗ್ಲಿ ಅಂತ ಬಾಗಲದಾಗ ನಿಂತೆ. ಆ ಮ್ಯಾಲ ಆಟೊ ಹಿಡಿದು ಈ ಓಣಿಗೆ ಬಂದೆ, ಒಂದು ಚಮಚ ಹೆಪ್ಪಿಗೆ. ಅವತ್ತಾ ನಿಶ್ಚಯ ಮಾಡಿದೆ, ತಿರುಗಿ ಬರಬೇಕಂತ.

ಇದನ್ನು ಹೇಳುವಾಗ ಅಕ್ಕೋರ ಕೈಯಲ್ಲೊಂದು ಸ್ಟೀಲಿನ ಬಟ್ಟಲಿತ್ತು. ಅಂಚು ತುಸು ನೆಗ್ಗಿದೆ. ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿದೆ. ಭಾಂಡೆ ಅಂಗಡಿಯಲ್ಲಿ ಟರ್ರೆಂದು ಮಿಷನ್ ಹಿಡಿದು ಕೊರೆಯುತ್ತಾರಲ್ಲ, ಹಾಗೆ. ಅಕ್ಷರ ತೆಲುಗಿನವು. ಆದರೂ ಕನ್ನಡ ಬಲ್ಲ ಕಣ್ಣಿಗೆ ನಿಧಾನಕ್ಕೆ ಓದಲು ಬರುತ್ತವೆ.

ನಾನು: ಇದು ಯಾರ ಬಟ್ಲರಿ?

ಅಕ್ಕೋರು: ನನ್ನದಲ್ಲ. ನಲವತ್ತು ವರ್ಷದ ಕಡಾ ಇದು. ನನಗ ಮೊದಲನೇ ನೌಕರಿ ಬಂದದ್ದು ಗಂಗಾವತಿ ಕಡೆ ಒಂದು ಕ್ಯಾಂಪಿನ್ಯಾಗ. 1953ರಾಗ ತುಂಗಭದ್ರಾ ಅಣೆಕಟ್ಟು ಆತು. ಎಡದಂಡಿ ಕಾಲುವಿ ನೀರು ಬಂದ ಮ್ಯಾಲ ಆಂಧ್ರದ ಕರಾವಳಿಯಿಂದ ರೈತರು ಬಂದು, ಜಮೀನು ತಗೊಂಡು, ಭತ್ತಾ ಹಚ್ಚಿ, ಹೊಲದಾಗಾ ಮನಿ ಕಟ್ಟಿದ್ರು. ಶ್ರೀರಾಮನಗರದಂಥ ಕ್ಯಾಂಪುಗಳು ಹುಟ್ಟಿದ್ದು ಹಂಗ. ಗಂಗಾವತಿ ಭತ್ತದ ಕಣಜ ಆದದ್ದರಾಗ ಅವರ ಬೆವರೂ ಐತಿ. ನಾನು ಇಪ್ಪತ್ತೆರಡರ ಹುಡುಗಿ, ತೆಲುಗು ಒಂದಕ್ಷರ ಬರತಿದ್ದಿಲ್ಲ. ಬಾಡಿಗಿ ಖೋಲಿಯಾಗ ಒಬ್ಬಾಕಿ. ಸುತ್ತಲೂ ನೀರು ನಿಂತ ಗದ್ದಿ, ರಾತ್ರಿ ಎಲ್ಲಾ ಕಪ್ಪಿ ಕೂಗೋದು. ಎರಿ ಹೊಲದಾಗ ಬೆಳದಾಕಿಗೆ ಆ ಸಪ್ಪಳ ಕೇಳಿದ್ರ ಅಳು ಬರತಿತ್ತು. ನಾಕನೇ ದಿನ ಮಗ್ಗಲಮನಿ ಆಯಮ್ಮ ಈ ಬಟ್ಲದಾಗ ಗೊಂಗೂರ ಪಚ್ಚಡಿ ತಂದುಕೊಟ್ಲು. ನಾ ಬಾಯಾಗ ಇಟ್ಟೆ. ಅದು ನಮ್ಮ ಪುಂಡಿಪಲ್ಲೆ! ಎಲಿ ಅದಾ, ಹುಳಿ ಅದಾ, ಖಾರ ಮಾತ್ರ ಅವರದು. ಆಕಿಗೆ ತೋರಸಾಕಂತ ಐತವಾರ ನಾನೂ ಪುಂಡಿಪಲ್ಲೆ ಮಾಡಿ, ಎರಡು ರೊಟ್ಟಿ ಇಟ್ಟು ಬಟ್ಲ ತಿರುಗಿ ಕೊಟ್ಟೆ. ಹಂಗ ಹೋಗೋದು ಬರೋದು ಶುರು ಆದ ಬಟ್ಲ, ಮೂರು ವರ್ಷ ಎರಡು ಮನಿ ನಡುವ ಓಡಾಡಿತು. ವರ್ಗಾ ಆದ ದಿನ ಅದು ನನ್ನ ಪಾಳಿಯಾಗ ಇತ್ತು. ಸಾಮಾನಿನ ಕೂಡ ಬಂದುಬಿಡ್ತು. ಮುಂದ ಆರು ತಿಂಗಳಿಗೆ ಕೊಡಾಕ ಹೋದ್ರ ಆಕಿ ಇಸಕೊಳ್ಳಲಿಲ್ಲ. ಇದು ನಿನ್ನ ಹತ್ರ ಇದ್ರಾ ನೀ ಮತ್ತ ಬರ್ತಿ ಅಂದ್ಲು.

ನಾನು: ಹೋದ್ರೇನು?

ಅಕ್ಕೋರು: ಆಕಿ ಇರೋ ತನಕ ವರ್ಷಕ್ಕೊಮ್ಮೆ ಹೋದೆ. ಪಾಲ್ಕಿಗುಂಡಿನ ಮ್ಯಾಲ ಕಲ್ಲಿನ ಪಾದ ನೋಡೀಯಲ್ಲ? ಅಶೋಕನ ಶಾಸನ ನೋಡಾಕ ನಿಮ್ಮನ್ನ ಕರಕೊಂಡು ಹೋದಾಗ ತೋರಿಸಿದ್ದೆ. ಜಟಾಸಿಂಹನಂದಿ ಅಂತ ದೊಡ್ಡ ಆಚಾರ್ಯರು, ಸಂಸ್ಕೃತದಾಗ ವರಾಂಗಚರಿತ ಬರದವ್ರು. ಅವರ ಪಾದ ಅವು. ಕೊಪಣ ಅಂದ್ರ ಆಗ ಜೈನರಿಗೆ ಮಹಾತೀರ್ಥ. ಸಂಸಾರ ಬಿಟ್ಟು ಏಕಾಂತಕ್ಕಂತ ಗುಡ್ಡಾ ಹತ್ತತಿದ್ರು. ಆದ್ರ ಆ ಪಾದದ ಮಗ್ಗಲ ಇನ್ನೊಂದು ಹೆಸರು ಐತಿ, ಚಾವಯ್ಯ ಅಂತ. ಪಾದ ಮಾಡಿಸಿದವ ಅಂವ. ಚಾವಯ್ಯ ಯಾರು, ಏನು, ನಮಗ ಗೊತ್ತಿಲ್ಲ. ಎಲ್ಲಾ ಬಿಟ್ಟು ಒಬ್ಬರಾ ಹೋದವರನ್ನೂ ಒಬ್ಬಾವ ಲೆಕ್ಕದಾಗ ಇಟ್ಟಿದ್ದ ಅಂತ ಮಾತ್ರ ಗೊತ್ತು. ಈ ಬಟ್ಲದ ಹೆಸರು ನೋಡಿದಾಗೆಲ್ಲಾ ನನಗ ಆ ಕಲ್ಲು ನೆನಪಾಗತೈತಿ.

ಗೌಂಡಿ ಕರಣಿ ಬದಿಗಿಟ್ಟು ಕೈ ತೊಳೆದರು. ಇಷ್ಟು ಹೊತ್ತು ನಮಗೆ ಬೆನ್ನು ಮಾಡಿ ಕಲ್ಲಿನ ಜೊತೆ ಇದ್ದವರು ಈಗ ತಿರುಗಿ ಕೂತರು.

ಗೌಂಡಿ: ಅಕ್ಕೋರ, ತಪ್ಪು ತಿಳಕೋಬ್ಯಾಡ್ರಿ. ಒಂದು ಮಾತು ಹೇಳ್ತೀನಿ.

ಅಕ್ಕೋರು: ಹೇಳ್ರಿ.

ಗೌಂಡಿ: ನಾ ಇಪ್ಪತ್ತು ವರ್ಷ ಆತು ಕಲ್ಲಿನ ಕೆಲಸ ಮಾಡಾಕ ಹತ್ತಿ. ಊರಾಗ ಎಷ್ಟು ಕಟ್ಟಿ ಕಟ್ಟೀನಿ, ಲೆಕ್ಕಿಲ್ಲ. ನಮ್ಮಪ್ಪನೂ ಇದಾ ಕೆಲಸ. ನಮ್ಮಪ್ಪ ತಾ ಕಟ್ಟಿದ ಒಂದು ಕಟ್ಟಿ ಮ್ಯಾಲೂ ಕುಂತಿಲ್ರಿ. ಎದುರಿಗೆ ನೆಲದಾಗ ಕುಂದ್ರತಿದ್ದ. ರೊಟ್ಟಿ ಹಬ್ಬದಾಗ ದೊಡ್ಡ ಓಣಿಯಿಂದ ನಮ್ಮ ಕೇರಿಗೆ ರೊಟ್ಟಿ ಬರತಿದ್ವು. ನಮ್ಮ ಕೇರಿ ರೊಟ್ಟಿ ಅಲ್ಲಿಗೆ ಹೋಗತಿದ್ದಿಲ್ಲ. ಓಣಿ ನಮ್ಮನ್ನೂ ಲೆಕ್ಕದಾಗ ಇಟ್ಟಿತ್ರಿ, ಆದ್ರ ಅದು ಎಂಥಾ ಲೆಕ್ಕ? ಎಲ್ಲಿ ಹೋಗ್ತಾನ, ಯಾವ ಅಂಗಡಿ ಮೆಟ್ಲ ಹತ್ತತಾನ ಅಂತ. ಗಂಗಾವತಿ ತಾಲೂಕಿನ ಮರಕುಂಬಿ ನೆನಪೈತೇನ್ರಿ? ಹಜಾಮತಿ ಅಂಗಡ್ಯಾಗ, ಹೋಟೆಲಿನ್ಯಾಗ ನಮ್ಮ ಮಂದೀನ ಒಳಗ ಬಿಡವೊಲ್ರು ಅಂತ ಬೆಳದ ಜಗಳ. 2014ರಾಗ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷಕ್ಕ, 2024ರ ಅಕ್ಟೋಬರದಾಗ, ಇದಾ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷಾ ಕೊಡ್ತು. ಮುಂದ ಅದು ಹೈಕೋರ್ಟಿಗೆ ಹೋತು. ಅಲ್ರಿ, ಒಂದು ಕಟಿಂಗ್, ಒಂದು ಕಪ್ ಚಾ. ನೀವು ಹೇಳೋ ಓಣಿ ಸುಖ ಅಂದ್ರ ಅವಾ ಎರಡಲ್ರಿ?

ಅಕ್ಕೋರು ಮಾತಾಡಲಿಲ್ಲ.

ಗೌಂಡಿ: ಬೆಂಗಳೂರಿಗೆ ಹೋದ ಮೊದಲನೇ ದಿನ ದರ್ಶಿನಿಗೆ ಹೋದೆ. ರೊಕ್ಕ ಕೊಟ್ಟೆ, ಚೀಟಿ ಕೊಟ್ರು, ಇಡ್ಲಿ ಕೊಟ್ರು. ಯಾವ ಊರು, ಯಾವ ಪೈಕಿ ಅಂತ ಯಾರೂ ಕೇಳ್ಲಿಲ್ಲ. ಇಸ್ತ್ರಿ ಅಂಗಿ ಹಾಕಿದವರೊಬ್ಬರು ನನ್ನ ಮಗ್ಗಲಕ್ಕಾ ತಾಟು ಇಟ್ಟು ನಿಂತು ತಿಂದ್ರು. ನನಗ ಕಣ್ಣಾಗ ನೀರು ಬಂದ್ವು. ಈ ತಂಗ್ಯಾರು ಅದಕ್ಕ ಒಂಟಿತನ ಅಂತಾರ. ನನಗ ಆ ದಿನ ಎದಿಯಾಗ ಗಾಳಿ ಆಡಿದಂಗಾತು.

ಅಕ್ಕೋರು: ನಮ್ಮ ಮನ್ಯಾಗೂ ಬ್ಯಾರೆ ಕಪ್ಪು ಇತ್ತು. ಗ್ವಾಡಿ ಗೂಡಿನ್ಯಾಗ, ಹೊರಗ. ಕೆಲಸಕ್ಕ ಬಂದವರು ತಾವಾ ತೊಳದು ಇಡಬೇಕಿತ್ತು. ನಮ್ಮತ್ತಿ ತೀರಿಕೊಂಡ ಮ್ಯಾಲ ನಾ ಅದನ್ನ ತಗದು ಒಗದೆ. ಸಾಲಿಯಾಗ ಎಲ್ಲಾರೂ ಒಂದಾ ಅಂತ ಹುಡುಗ್ರಿಗೆ ಹೇಳಿ ಬರತಿದ್ದೆ. ಮನಿಗೆ ಬಂದು ಆ ಗೂಡು ನೋಡಿ ಸುಮ್ಮನಿರತಿದ್ದೆ. ಹನ್ನೊಂದು ವರ್ಷ. ಅತ್ತಿ ಇದ್ದಾಗಾ ತಗೀಬೇಕಿತ್ತು.

ಯಾರೂ ಮಾತಾಡಲಿಲ್ಲ. ಆ ಗೂಡು ಈಗಲೂ ಬಾಗಿಲ ಬಲಕ್ಕೆ ಇದೆ. ಅದರಲ್ಲಿ ತುಳಸಿಗೆ ಹಚ್ಚುವ ಹಣತೆ ಇತ್ತು.

ಗೌಂಡಿ: ಗವಿಮಠದ ಜಾತ್ರಿಗೆ ನಮ್ಮವ್ವನ ರೊಟ್ಟಿನೂ ಹೊಕ್ಕಾವ್ರಿ. ಊರಿಂದ ಟ್ರ್ಯಾಕ್ಟರ್ ಹೊಂಟಾಗ ಕೇರಿಗೂ ಬಂದು ಇಸಕೊಂಡು ಹೋಗ್ತಾರ. ದಾಸೋಹದ ರಾಶಿಯಾಗ ಬಿದ್ದ ಮ್ಯಾಲ ಯಾರ ಮನಿ ರೊಟ್ಟಿ ಯಾರಿಗೆ ಗೊತ್ತು? ಅವ್ವಗ ಅದೊಂದು ಭಾಳ ಹೆಮ್ಮಿ.

ನಾನು: ಅಣ್ಣಾ, ನನಗನಿಸ್ತೈತಿ, ನಿಮ್ಮ ದರ್ಶಿನಿನೂ ಬೇಕು, ನೆಲಾ ಒಣಗೇತಿ ಅಂತ ನೋಡೋ ಎದುರುಮನಿ ದೊಡ್ಡವ್ವನೂ ಬೇಕು. ಎರಡೂ ಒಂದಾ ಕಡೆ ಎಲ್ಲೂ ಇಲ್ಲೇನು?

ಗೌಂಡಿ: ನಮ್ಮ ಶೆಡ್ಡಿನ್ಯಾಗ ಐತ್ರಿ. ಹದಿನಾಲ್ಕು ಮಜಲಿ ಕಟ್ಟಡ ಏಳತೈತಿ, ಅದರ ಹಿಂದ ತಗಡಿನ ಶೆಡ್ಡು. ಕುಷ್ಟಗಿ, ಯಲಬುರ್ಗಾ ಕಡೆ ಮಂದೀನಾ ಎಲ್ಲಾ. ನಾಕು ಜಾತಿಯವ್ರು ಅದೀವಿ. ನಡುವಿರೋದು ತಗಡು, ಏನು ಮುಚ್ಚತೈತಿ? ಉಪ್ಪು ಖಾರ ಹೋಗತಾವು, ಬರತಾವು. ಒಬ್ಬಾಕಿ ಕೆಲಸಕ್ಕ ಹೋದ್ರ ಆಕಿ ಕೂಸಿಗೆ ಇನ್ನೊಬ್ಬಾಕಿ ಉಣಸ್ತಾಳ. 2020ರ ಲಾಕ್‌ಡೌನಿನ್ಯಾಗ ಇದ್ದಬದ್ದ ಹಿಟ್ಟು ಕೂಡಿಸಿ ಒಂದಾ ಒಲಿ ಹಚ್ಚಿದ್ವಿ. ಆದ್ರ ಊರಿಗೆ ಬಂದು ಬಸ್ ಇಳದ್ವಿ ಅಂದ್ರ, ಅವ್ರು ಅವರ ಓಣಿಗೆ, ನಾವು ನಮ್ಮ ಕೇರಿಗೆ. ಅಗಸ್ಯಾಗ ಬ್ಯಾರೆ ಆಗೋ ಮುಂದ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಅದಕ್ಕ ನನಗ ಭಾಳ ಕೆಡುಕು ಅನಿಸ್ತೈತ್ರಿ. ಮನಸು ಇಲ್ಲಂತಲ್ಲ.

ಅಕ್ಕೋರು: ನೀವು ಕಟ್ಟೋ ಆ ಹದಿನಾಲ್ಕು ಮಜಲ್ಯಾಗ ಎಲ್ಲಾದ್ರೂ ಕುಂದ್ರಾಕ ಕಟ್ಟಿ ಐತೇನು?

ಗೌಂಡಿ: ನಕಾಶೆದಾಗ ಇರಂಗಿಲ್ರಿ. ಲಿಫ್ಟಿನ ಮುಂದ ಜಾಗಾ ಇರತೈತಿ. ಅಲ್ಲಿ ಯಾರೂ ನಿಂದ್ರಂಗಿಲ್ಲ.

ನಾನು: ಖರೆ ಅಣ್ಣಾ. ಆದ್ರ ನಮ್ಮ ಕಟ್ಟಡದ ಗೇಟಿನ ಹೊರಗ, ಹೊಂಗೆ ಗಿಡದ ಕೆಳಗ, ಒಬ್ಬರು ಇಸ್ತ್ರಿ ಮಾಡ್ತಾರ. ತಳ್ಳುಗಾಡಿ, ಇದ್ದಲಿ ಇಸ್ತ್ರಿ ಪೆಟಗಿ. ಜ್ವರ ಬಿಟ್ಟು ನಾಕನೇ ದಿನ ಕೆಳಗ ಇಳದೆ. ಅವ್ರು ಪೆಟಗಿ ಎತ್ತಿ ಬದಿಗಿಟ್ಟು, ಏನಮ್ಮ, ಈ ವಾರ ಬಟ್ಟೆ ಬರಲೇ ಇಲ್ಲ, ಊರಿಗೆ ಹೋಗಿದ್ರಾ ಅಂದ್ರು. ನನಗ ಮಾತು ಹೊರಡಲಿಲ್ಲ. ಹತ್ತು ಸಾವಿರ ಮಂದಿ ಓಡಾಡೋ ರಸ್ತೇದಾಗ ನನ್ನ ಏಳು ಜೊತಿ ಬಟ್ಟಿ ಕಡಿಮಿ ಆದದ್ದು ಒಬ್ಬರಿಗೆ ಗೊತ್ತಾಗಿತ್ತು.

ಅಕ್ಕೋರು: ಅವರ ಹೆಸರೇನು?

ನಾನು: ಗೊತ್ತಿಲ್ರಿ.

ಅಕ್ಕೋರು: ನಿನ್ನ ಹೆಸರು ಅವರಿಗೆ ಗೊತ್ತೈತೇನು?

ನಾನು: ಗಂಟಿನ ಮ್ಯಾಲ 304 ಅಂತ ಬರೀತಾರ.

ಅಕ್ಕೋರು: ಎಷ್ಟು ವರ್ಷ ಆತು ಅಲ್ಲಿ?

ನಾನು: ಐದು.

ಅಕ್ಕೋರು ಏನೂ ಅನ್ನದೆ ಎದ್ದು ಒಳಗೆ ಹೋದರು. ಗೌಂಡಿ ಹಸಿ ಸಿಮೆಂಟಿನ ಮೇಲೆ ತೊಯ್ದ ಗೋಣಿತಟ್ಟು ಹೊದಿಸಿದರು. ಒಂದು ವಾರ ನೀರು ಉಣಿಸಬೇಕು, ಅಲ್ಲಿ ತನಕ ಯಾರೂ ಕೂಡಬಾರದು ಎಂದು ಓಣಿಯ ಹುಡುಗರಿಗೆ ಕೂಗಿ ಹೇಳಿದರು. ಅವರ ತಂಗಿ ಚೀಲ ಹಿಡಿದು, ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಂದು ನಿಂತಳು. ಅಕ್ಕೋರು ನಾಲ್ವರಿಗೂ ಚಹಾ ತಂದರು. ಅದಾದ ಮೇಲೆ ಗೌಂಡಿಯ ಮುಂದೆ ವಸ್ತ್ರ ಹಾಸಿ ರೊಟ್ಟಿ ಕಟ್ಟತೊಡಗಿದರು.

ಅಕ್ಕೋರು: ಇದು ನಿಮ್ಮವ್ವಗ. ಬುತ್ತಿ ವಸ್ತ್ರ ತಿರುಗಿ ಬೇಕು ನನಗ. ಖಾಲಿ ತರಬ್ಯಾಡ್ರಿ, ನಿಮ್ಮವ್ವನ ಕೈಯಾನ ನಾಕು ರೊಟ್ಟಿ ಕಟ್ಟಿಸಿಕೊಂಡು ಬರ್ರಿ.

ಗೌಂಡಿ: ಅವ್ವಗ ಹೇಳ್ತೀನ್ರಿ. ದಸರಾಕ್ಕ ಬರೋ ಮುಂದ ಹಾದು ಹೋಗ್ತೀನಿ. ಈಗ ಕುಷ್ಟಗಿಗೆ ರೈಲೂ ಬಂದೈತಿ, 2025ರ ಮೇದಿಂದ. ಹುಬ್ಬಳ್ಳಿ ಕಡೆಯಿಂದ ಬಂದ್ರೂ ಅಡ್ಡಿಯಿಲ್ಲ.

ಅಕ್ಕೋರು: ತಂಗಿ, ನೀ ಈ ಬಟ್ಲ ಒಯ್ಯಿ. ಗುರೆಳ್ಳು ಚಟ್ನಿ ತುಂಬೀನಿ. ಚಟ್ನಿ ನಿನಗ, ಬಟ್ಲ ಕಡಾ.

ನಾನು: ಬ್ಯಾಡ್ರಿ ಅಕ್ಕೋರ, ಆಯಮ್ಮನ ನೆನಪಿಂದು. ಕಳದ್ರ?

ಅಕ್ಕೋರು: ಕಳದ್ರ ಕಳೀಲಿ. ನನ್ನ ಹತ್ರ ಇಟ್ರ ಇದು ಕಪಾಟಿನ್ಯಾಗ ಕೂಡತೈತಿ. ಓಡಾಡೋ ಸಾಮಾನು ಇದು.

ಮೂರು ವಾರದ ಮೇಲೆ, ಒಂದು ಐತವಾರದ ಬೆಳಿಗ್ಗೆ, ಅಕ್ಕೋರ ಫೋನು ಬಂತು.

ಅಕ್ಕೋರು: ಕಟ್ಟಿ ಗಟ್ಟಿ ಆಗೇತಿ ತಂಗಿ. ಮುಂಜಾನಿಯಿಂದ ಮೂರು ಮಂದಿ ಕುಂತು ಹೋದ್ರು. ಕಾಲು ಇಳೇ ಬಿಟ್ಟು ಕುಂದ್ರಾಕ ಬರತೈತಿ ಈಗ. ಬಟ್ಲ ಎಲ್ಲೈತಿ?

ನಾನು: ನನ್ನ ಹತ್ರ ಇಲ್ರಿ.

ಅಕ್ಕೋರು: ಮತ್ತ?

ನಾನು: ಇಸ್ತ್ರಿಯವರ ಮನ್ಯಾಗ ಐತ್ರಿ. ಚಟ್ನಿ ಅರ್ಧ ಉಳಿದಿತ್ತು, ಮ್ಯಾಲ ಎರಡು ಖಡಕ್ ರೊಟ್ಟಿ ಮುರಿದು ಇಟ್ಟು ಕೊಟ್ಟೆ. ಹೆಸರೂ ಕೇಳಿದೆ. ಅವ್ರು ಹೇಳಿ, ನಿಮ್ಮದು ಅಂದ್ರು. ಹೇಳಿದೆ. ಅವರ ಮನಿಯವರು ಬಟ್ಲ ತಿರುಗಿಸಿ ತಿರುಗಿಸಿ ನೋಡಿ, ಇದು ನಿಮ್ಮ ಹೆಸರಲ್ಲವಲ್ಲ ಅಂದ್ರು.

ಅಕ್ಕೋರು: ಏನು ಹೇಳಿದಿ?

ನಾನು: ಗಂಗಾವತಿ ಕಡೆಯವರದು ಅಂದೆ.

ಅಕ್ಕೋರು: ತಿರುಗಿ ಕೊಟ್ಟಾರೇನು?

ನಾನು: ಇನ್ನೂ ಇಲ್ರಿ. ಎಂಟು ದಿನ ಆತು. ಕೇಳ್ಲೇನ್ರಿ?

ಅಕ್ಕೋರು: ಕೇಳಬ್ಯಾಡ, ಸುಮ್ಮನಿರು. ಏನರ ಮಾಡಿ ಹಾಕಿ ಕೊಡಬೇಕಂತ ಇಟ್ಟುಕೊಂಡಿರ್ತಾರ.